ಗಣಕ ಸಮೂಹದ ನಿಗಾ ವ್ಯವಸ್ಥೆಗೆ ವೆಬ್ ಎಪಿಐ ಜೋಡಣೆ: ‘ಗ್ಯಾಂಗ್ಲಿಯಾ’ ತಂತ್ರಾಂಶದ ಒಂದು ಅಧ್ಯಯನ

ಉದ್ಯಮಗಳಲ್ಲಿ ಗಣಕಯಂತ್ರದ ಬಳಕೆ ಲೆಕ್ಕಪತ್ರಕ್ಕಷ್ಟೇ ಸೀಮಿತವಾಗಿದ್ದ ಕಾಲ ಹಿಂದೆ ಸರಿದು ಬಹಳ ವರ್ಷಗಳಾದವು. ಯಂತ್ರಭಾಗಗಳ ವಿನ್ಯಾಸ, ಔಷಧ ಸಂಶೋಧನೆ, ಚಲನಚಿತ್ರಗಳ ಗ್ರಾಫಿಕ್ಸ್ ಮುಂತಾದ ಕೆಲಸಗಳಿಗೆ ಒಂದೇ ದೊಡ್ಡ ಯಂತ್ರದ ಬದಲು ಹತ್ತಾರು ಸಾಧಾರಣ ಸರ್ವರ್‌ಗಳನ್ನು ಜಾಲದಿಂದ ಬೆಸೆದು ಒಟ್ಟಾಗಿ ದುಡಿಸುವ ಪದ್ಧತಿ ರೂಢಿಗೆ ಬಂದಿದೆ. ಇದನ್ನೇ ಗಣಕ ಸಮೂಹ ಅಥವಾ ಕ್ಲಸ್ಟರ್ ಎಂದು ಕರೆಯುತ್ತಾರೆ. ಇಂತಹ ಸಮೂಹದ ಸ್ಥಿತಿಗತಿಯನ್ನು ಹಗಲಿರುಳು ಅಳೆಯುತ್ತಿರುವ ತಂತ್ರಾಂಶವೇ ನಿಗಾ ವ್ಯವಸ್ಥೆ. ಅಳೆದ ಅಂಕಿಗಳನ್ನು ಅದು ಮನುಷ್ಯರ ಕಣ್ಣಿಗೆ ಗ್ರಾಫ್‌ಗಳಾಗಿ ತೋರಿಸುತ್ತದೆ. ಆದರೆ ಅದೇ ಅಂಕಿಗಳು ಬೇರೆ ತಂತ್ರಾಂಶಗಳಿಗೂ ಬೇಕಾದಾಗ ಏನು ಮಾಡಬೇಕು, ಮಾಡುವಾಗ ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕೆಲವು ವರ್ಷಗಳ ಹಿಂದೆ ನಾನು ಸಲಹೆಗಾರನಾಗಿದ್ದ ವಿನ್ಯಾಸ ಸಂಸ್ಥೆಯೊಂದರಲ್ಲಿ 12 ಸರ್ವರ್‌ಗಳ ಒಂದು ಸಮೂಹವಿತ್ತು. ಲೋಹದ ಬಿಡಿಭಾಗಗಳು ಎಷ್ಟು ಒತ್ತಡವನ್ನು ತಾಳುತ್ತವೆ ಎಂಬ ಲೆಕ್ಕಗಳು ಅಲ್ಲಿ ದಿನಗಟ್ಟಲೆ ಓಡುತ್ತಿದ್ದವು. ನಿಗಾ ವ್ಯವಸ್ಥೆಯೂ ಇತ್ತು. ಅದರ ಪುಟವನ್ನು ಬೆಳಿಗ್ಗೆ, ಸಂಜೆ ನೋಡುವ ಪರಿಪಾಠವೂ ಇತ್ತು. ರಾತ್ರಿಯ ಹೊತ್ತು ನೋಡುವವರಿಲ್ಲವೆಂದು ಅಲ್ಲಿನ ಯುವ ಎಂಜಿನಿಯರ್ ಒಬ್ಬರು ಒಂದು ಉಪಾಯ ಹೂಡಿದರು. ನಿಗಾ ಪುಟವನ್ನು ಹತ್ತು ನಿಮಿಷಕ್ಕೊಮ್ಮೆ ತೆರೆದು, ಅದರಲ್ಲಿ ಡಿಸ್ಕಿನ ಖಾಲಿ ಜಾಗದ ಅಂಕಿ ಬರುವ ಸಾಲನ್ನು ಹುಡುಕಿ, ಅದು ತೀರ ಕಡಿಮೆಯಾದರೆ ಮೊಬೈಲಿಗೆ ಸಂದೇಶ ಕಳಿಸುವ ಪುಟ್ಟ ಪ್ರೋಗ್ರಾಮನ್ನು ಬರೆದರು. ವರ್ಷದ ಮೇಲೆ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ನಿಗಾ ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಲಾಯಿತು. ಪುಟದ ವಿನ್ಯಾಸ ಬದಲಾಯಿತು. ಪ್ರೋಗ್ರಾಮಿಗೆ ತಾನು ಹುಡುಕುವ ಸಾಲು ಸಿಗಲಿಲ್ಲ; ಸಿಗದಿದ್ದುದನ್ನು ಅದು ‘ತೊಂದರೆಯಿಲ್ಲ’ ಎಂದು ಭಾವಿಸಿತು. ಮೂರನೆಯ ವಾರದ ಶುಕ್ರವಾರ ರಾತ್ರಿ ಡಿಸ್ಕ್ ತುಂಬಿ ನಾಲ್ಕು ದಿನಗಳ ಲೆಕ್ಕ ನಿಂತುಹೋಯಿತು. ಸೋಮವಾರ ಗ್ರಾಹಕರಿಗೆ ವರದಿ ಕೊಡಬೇಕಾಗಿತ್ತು. ಆ ಗ್ರಾಹಕರು ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಆ ಎಂಜಿನಿಯರನ್ನು ದೂಷಿಸುವುದು ನ್ಯಾಯವಲ್ಲ. ಅಂಕಿಗಳು ಯಂತ್ರದೊಳಗಿದ್ದವು; ಅವನ್ನು ಪಡೆಯಲು ಸರಿಯಾದ ಬಾಗಿಲು ಇರಲಿಲ್ಲವಾದ್ದರಿಂದ ಅವರು ಕಿಟಕಿಯಿಂದ ಇಣುಕಿ ನೋಡಿದರು. ಈ ಬಾಗಿಲಿಗೇ ಇಂದು ವೆಬ್ ಎಪಿಐ ಎನ್ನುತ್ತಾರೆ.

ಗ್ಯಾಂಗ್ಲಿಯಾದ ರಚನೆ

ಅಧ್ಯಯನಕ್ಕೆ ಗ್ಯಾಂಗ್ಲಿಯಾ ತಂತ್ರಾಂಶವನ್ನು ಆರಿಸಿಕೊಳ್ಳಲು ಕಾರಣವಿದೆ. ಅದರ ಮೂಲ ರಚನೆಯಲ್ಲಿ ವೆಬ್ ಎಪಿಐ ಇರಲಿಲ್ಲ. ಅಗತ್ಯ ಕಂಡುಬಂದಂತೆ ಹಂತಹಂತವಾಗಿ ಸೇರಿತು. ಆದ್ದರಿಂದ ಹಳೆಯ ಕಟ್ಟಡಕ್ಕೆ ಹೊಸ ಬಾಗಿಲು ಕೊರೆಯುವಾಗಿನ ತೊಡಕುಗಳೆಲ್ಲ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ‘ಮಿಲೆನಿಯಂ’ ಎಂಬ ಯೋಜನೆಯ ಭಾಗವಾಗಿ ಗ್ಯಾಂಗ್ಲಿಯಾ ಹುಟ್ಟಿತು. ಇದರ ಕರ್ತೃ ಮ್ಯಾಟ್ ಮ್ಯಾಸಿ. ಅವರು ಬ್ರೆಂಟ್ ಚುನ್ ಮತ್ತು ಡೇವಿಡ್ ಕಲ್ಲರ್ ಅವರೊಡನೆ 2004ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಆಗಲೇ ಜಗತ್ತಿನ 500ಕ್ಕೂ ಹೆಚ್ಚು ಸಮೂಹಗಳಲ್ಲಿ ಇದು ಬಳಕೆಯಲ್ಲಿತ್ತು. ಬಿಎಸ್‌ಡಿ ಪರವಾನಗಿಯಡಿ ಬಿಡುಗಡೆಯಾದ ಮುಕ್ತ ತಂತ್ರಾಂಶವಾದ್ದರಿಂದ ಯಾರು ಬೇಕಾದರೂ ಇದನ್ನು ಶುಲ್ಕವಿಲ್ಲದೆ ಬಳಸಬಹುದು, ತಿದ್ದಬಹುದು. ತಿದ್ದಿದ್ದನ್ನು ಪ್ರಕಟಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ನಮ್ಮ ಸದಸ್ಯ ಉದ್ಯಮಿಗಳಿಗೆ ಇದು ಗಮನಾರ್ಹ ಅಂಶ.

ಗ್ಯಾಂಗ್ಲಿಯಾದಲ್ಲಿ ಮೂರು ಅಂಗಗಳಿವೆ. ಸಮೂಹದ ಪ್ರತಿ ಯಂತ್ರದ ಹಿನ್ನೆಲೆಯಲ್ಲಿ ‘ಜಿಮಾಂಡ್’ ಎಂಬ ಪುಟ್ಟ ತಂತ್ರಾಂಶ ಓಡುತ್ತಿರುತ್ತದೆ. ಅದು ತನ್ನ ಯಂತ್ರದ ಪ್ರೊಸೆಸರ್ ಬಳಕೆ, ಮೆಮೊರಿ, ಡಿಸ್ಕ್, ಜಾಲದ ಸಂಚಾರ ಮುಂತಾದವನ್ನು ಅಳೆದು ನೆರೆಯ ಯಂತ್ರಗಳಿಗೆಲ್ಲ ಕೇಳುವಂತೆ ಸಾರುತ್ತದೆ. ನೆರೆಯವರು ಸಾರಿದ್ದನ್ನು ತಾನೂ ಕೇಳಿ ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ ಸಮೂಹದ ಯಾವ ಯಂತ್ರವನ್ನು ವಿಚಾರಿಸಿದರೂ ಇಡೀ ಸಮೂಹದ ವರ್ತಮಾನ ದೊರೆಯುತ್ತದೆ. ಎರಡನೆಯ ಅಂಗವಾದ ‘ಜಿಮೆಟಾಡ್’ ಸಾಮಾನ್ಯವಾಗಿ 15 ಸೆಕೆಂಡಿಗೊಮ್ಮೆ ಈ ವರ್ತಮಾನವನ್ನು ಸಂಗ್ರಹಿಸಿ ಕಡತಗಳಲ್ಲಿ ದಾಖಲಿಸುತ್ತದೆ. ಮೂರನೆಯದು ಪಿಎಚ್‌ಪಿ ಭಾಷೆಯಲ್ಲಿ ಬರೆದ ವೆಬ್ ಪುಟ. ದಾಖಲೆಗಳಿಂದ ಗ್ರಾಫ್‌ಗಳನ್ನು ಬಿಡಿಸಿ ತೋರಿಸುವುದು ಅದರ ಕೆಲಸ.

ಬಾಗಿಲು ಪೂರ್ತಿಯಾಗಿ ಇರಲೇ ಇಲ್ಲವೆನ್ನುವಂತಿಲ್ಲ. ಜಿಮಾಂಡ್‌ನ 8649ನೆಯ ಪೋರ್ಟಿಗೆ ಸಂಪರ್ಕ ಸಾಧಿಸಿದರೆ ಸಮೂಹದ ಸಮಸ್ತ ಸ್ಥಿತಿಯೂ ಎಕ್ಸ್‌ಎಂಎಲ್ ರೂಪದಲ್ಲಿ ಸುರಿಯುತ್ತದೆ. (ಹಳೆಯ ಟೆಲಿಫೋನಿನ ಗುಂಡಿಗಳಲ್ಲಿ 8, 6, 4, 9 ಅಂಕಿಗಳ ಮೇಲಿನ ಅಕ್ಷರಗಳಿಂದ ‘ಯೂನಿಕ್ಸ್’ ಎಂಬ ಪದವಾಗುತ್ತದೆ, ತಂತ್ರಜ್ಞರ ವಿನೋದ.) ಜಿಮೆಟಾಡ್ 8651ನೆಯ ಪೋರ್ಟಿನಲ್ಲಿ ಇಂತಹುದೇ ಪೂರ್ಣ ವಿವರವನ್ನು ಕೊಡುತ್ತದೆ. ಸಮೂಹ ಬೆಳೆದಂತೆ ಈ ವಿವರದ ಗಾತ್ರವೂ ಬೆಳೆಯುತ್ತದೆ. 100 ಯಂತ್ರಗಳು, ತಲಾ 30 ಅಳತೆಗಳು ಎಂದರೆ 3,000 ನಮೂದುಗಳು. ಒಂದೊಂದಕ್ಕೆ 400 ಅಕ್ಷರಗಳೆಂದು ಹಿಡಿದರೂ 12 ಲಕ್ಷ ಅಕ್ಷರಗಳು. ಒಂದು ಯಂತ್ರದ ಒಂದು ಅಂಕಿಗಾಗಿ ಇಷ್ಟನ್ನೂ ಹೊತ್ತು ತರುವುದು ಒಂದು ಸೇರು ಅಕ್ಕಿಗಾಗಿ ಗೋದಾಮನ್ನೇ ಮನೆಗೆ ತರಿಸಿದಂತೆ. ಈ ಕಾರಣದಿಂದಲೇ 8652ನೆಯ ಪೋರ್ಟಿನಲ್ಲಿ ಆಯ್ದ ಪ್ರಶ್ನೆ ಕೇಳುವ ಸೌಲಭ್ಯವನ್ನು ಸೇರಿಸಲಾಯಿತು. ಸಮೂಹದ ಹೆಸರು, ಯಂತ್ರದ ಹೆಸರುಗಳನ್ನು ಓರೆಗೆರೆಗಳಿಂದ ಬೇರ್ಪಡಿಸಿ ಕೊಟ್ಟರೆ ಅಷ್ಟೇ ಭಾಗ ಬರುತ್ತದೆ.

ಇಷ್ಟಿದ್ದೂ ವೆಬ್ ಎಪಿಐ ಏಕೆ ಬೇಕಾಯಿತು? ಮೊದಲನೆಯದಾಗಿ, ಇವು ವೆಬ್‌ನ ಭಾಷೆಯಾದ ಎಚ್‌ಟಿಟಿಪಿಯನ್ನು ಬಲ್ಲ ಬಾಗಿಲುಗಳಲ್ಲ. ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶವಾಗಲಿ, ಮೊಬೈಲ್ ಆ್ಯಪ್ ಆಗಲಿ, ಬ್ರೌಸರ್ ಆಗಲಿ ನೇರವಾಗಿ ಇವುಗಳೊಡನೆ ವ್ಯವಹರಿಸಲಾರವು. ಎರಡನೆಯದಾಗಿ, ಇವು ವರ್ತಮಾನವನ್ನು ಮಾತ್ರ ಹೇಳುತ್ತವೆ. ಕಳೆದ ತಿಂಗಳು ಏನಾಯಿತೆಂಬ ಇತಿಹಾಸ ಕಡತಗಳಲ್ಲಿದ್ದು, ಅದನ್ನು ಓದುವ ಮಾರ್ಗ ಗ್ರಾಫ್ ಒಂದೇ ಆಗಿತ್ತು. ವ್ಯಾಪಾರ ನಿರ್ಧಾರಗಳಿಗೆ ಬೇಕಾಗುವುದು ಬಹುತೇಕ ಇತಿಹಾಸವೇ.

ಅಂಕಿಯೊಡನೆ ಅದರ ವಯಸ್ಸು

ಎಪಿಐ ಎಂದರೆ ಎಕ್ಸ್‌ಎಂಎಲ್‌ನಲ್ಲಿರುವುದನ್ನು ಜೇಸನ್ ರೂಪಕ್ಕೆ ಬದಲಾಯಿಸುವುದು, ಒಂದು ಮಧ್ಯಾಹ್ನದ ಕೆಲಸ ಎಂದು ಭಾವಿಸುವವರುಂಟು. ಪರಿವರ್ತನೆ ನಿಜಕ್ಕೂ ಅಷ್ಟೇ ಸುಲಭ. ಕಷ್ಟವಿರುವುದು ಪರಿವರ್ತನೆಯಲ್ಲಿ ಏನನ್ನು ಬಿಟ್ಟುಬಿಡುತ್ತೇವೆ ಎಂಬುದರಲ್ಲಿ.

ಗ್ಯಾಂಗ್ಲಿಯಾ ಪ್ರತಿಯೊಂದು ಅಳತೆಯ ಜೊತೆಗೆ ಮೂರು ಕಾಲಸೂಚಕಗಳನ್ನು ಇಟ್ಟಿರುತ್ತದೆ. ‘ಟಿಎನ್’ ಎಂಬುದು ಈ ಅಂಕಿ ಬಂದು ಎಷ್ಟು ಸೆಕೆಂಡುಗಳಾದವು ಎಂಬುದನ್ನು, ‘ಟಿಮ್ಯಾಕ್ಸ್’ ಎಂಬುದು ಹೆಚ್ಚೆಂದರೆ ಎಷ್ಟು ಸೆಕೆಂಡಿಗೊಮ್ಮೆ ಹೊಸ ಅಂಕಿ ಬರಬೇಕು ಎಂಬುದನ್ನು, ‘ಡಿಮ್ಯಾಕ್ಸ್’ ಎಂಬುದು ಎಷ್ಟು ಕಾಲ ಸುದ್ದಿಯಿಲ್ಲದಿದ್ದರೆ ಈ ನಮೂದನ್ನೇ ಅಳಿಸಬೇಕು ಎಂಬುದನ್ನು ಸೂಚಿಸುತ್ತವೆ. ಯಂತ್ರದಿಂದ ಸುದ್ದಿ ಬಂದು ಟಿಮ್ಯಾಕ್ಸ್‌ನ ನಾಲ್ಕು ಪಟ್ಟು ಕಾಲ ಮೀರಿದರೆ ಆ ಯಂತ್ರ ಸ್ತಬ್ಧವಾಗಿದೆಯೆಂದು ವೆಬ್ ಪುಟ ತೀರ್ಮಾನಿಸುತ್ತದೆ. ಡಿಮ್ಯಾಕ್ಸ್ ಸೊನ್ನೆಯಾಗಿದ್ದರೆ ನಮೂದು ಎಂದಿಗೂ ಅಳಿಯದು.

ಇದರ ಅರ್ಥವೇನು? ಸತ್ತುಹೋದ ಯಂತ್ರವೊಂದರ ಕೊನೆಯ ಅಂಕಿ ಎಕ್ಸ್‌ಎಂಎಲ್‌ನಲ್ಲಿ ಹಾಗೆಯೇ ಉಳಿದಿರುತ್ತದೆ. ‘ಡಿಸ್ಕಿನಲ್ಲಿ 210 ಗಿಗಾಬೈಟ್ ಖಾಲಿ’ ಎಂದು ಅದು ಹೇಳುತ್ತಲೇ ಇರುತ್ತದೆ. ಆ ಮಾತು ನಿನ್ನೆಯದೆಂಬ ಸಂಗತಿ ಪಕ್ಕದ ಟಿಎನ್‌ನಲ್ಲಿ ಮಾತ್ರ ಇದೆ. ಎಪಿಐ ಬರೆಯುವವರು ಹೆಸರು, ಬೆಲೆ ಎರಡನ್ನೇ ತೆಗೆದು ಚೊಕ್ಕವಾದ ಜೇಸನ್ ಮಾಡಿಕೊಟ್ಟರೆ ಆ ಎಪಿಐ ಸುಳ್ಳು ಹೇಳಿದಂತಾಯಿತು. ಪೇಟೆಧಾರಣೆಯ ಪಟ್ಟಿಯಲ್ಲಿ ತಾರೀಖಿಲ್ಲದಿದ್ದರೆ ಯಾವ ವ್ಯಾಪಾರಿಯೂ ಅದನ್ನು ನಂಬಿ ಖರೀದಿಗೆ ಇಳಿಯುವುದಿಲ್ಲ. ಯಂತ್ರದ ಅಂಕಿಗೂ ಅದೇ ನಿಯಮ ಸಲ್ಲಬೇಕು. ನನ್ನ ಅಭಿಪ್ರಾಯದಲ್ಲಿ ಟಿಎನ್ ಅನ್ನು ಹಾಗೆಯೇ ದಾಟಿಸುವುದೂ ಸಾಲದು. ‘ಇಷ್ಟು ಸೆಕೆಂಡು ಹಿಂದೆ’ ಎಂಬ ಮಾತು ದಾರಿಯಲ್ಲಿ ತಡವಾದಷ್ಟೂ ತಪ್ಪಾಗುತ್ತದೆ. ಅದರ ಬದಲು ಅಳೆದ ಕ್ಷಣವನ್ನೇ ಲೆಕ್ಕ ಹಾಕಿ ಕೊಡುವುದು ಲೇಸು.

ಅಳತೆಯ ಮಾನವನ್ನೂ ಬಿಡುವಂತಿಲ್ಲ. ಗ್ಯಾಂಗ್ಲಿಯಾ ಡಿಸ್ಕಿನ ಜಾಗವನ್ನು ಗಿಗಾಬೈಟ್‌ಗಳಲ್ಲಿಯೂ ಮೆಮೊರಿಯನ್ನು ಕಿಲೋಬೈಟ್‌ಗಳಲ್ಲಿಯೂ ಜಾಲದ ಸಂಚಾರವನ್ನು ಸೆಕೆಂಡಿಗೆ ಇಷ್ಟು ಬೈಟ್ ಎಂದೂ ಹೇಳುತ್ತದೆ. ಮೂರಕ್ಕೂ ಒಂದೇ ಮಾನವೆಂದು ಎಣಿಸಿ ಬರೆದ ವರದಿಗಳನ್ನು ನಾನೇ ತಿದ್ದಿದ್ದೇನೆ.

ಸರಾಸರಿಯ ಅಪಾಯ

ಇತಿಹಾಸದ ಅಂಕಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗೋಣ, ಏಕೆಂದರೆ ಬಂಡವಾಳದ ನಿರ್ಧಾರಗಳು ಈ ಅಂಕಿಗಳ ಮೇಲೆಯೇ ನಿಲ್ಲುತ್ತವೆ.

ಗ್ಯಾಂಗ್ಲಿಯಾ ಇತಿಹಾಸವನ್ನು ಆರ್‌ಆರ್‌ಡಿ ಕಡತಗಳಲ್ಲಿ ಇಡುತ್ತದೆ. ಈ ಕಡತಗಳನ್ನು ನಿರ್ವಹಿಸುವ ‘ಆರ್‌ಆರ್‌ಡಿಟೂಲ್’ ತಂತ್ರಾಂಶದ ಕರ್ತೃ ಸ್ವಿಟ್ಜರ್ಲೆಂಡಿನ ಟೋಬಿ ಓಟಿಕರ್. ಈ ಕಡತಕ್ಕೆ ಮೊದಲೇ ಗೊತ್ತುಪಡಿಸಿದಷ್ಟು ಮನೆಗಳಿರುತ್ತವೆ. ಕೊನೆಯ ಮನೆ ತುಂಬಿದಾಗ ಮತ್ತೆ ಮೊದಲ ಮನೆಯಿಂದ ಬರೆಯುತ್ತ ಹೋಗುತ್ತದೆ. ಆದ್ದರಿಂದ ಕಡತ ಎಂದೂ ಉಬ್ಬುವುದಿಲ್ಲ. ಗ್ಯಾಂಗ್ಲಿಯಾದಲ್ಲಿ ಬಹುಕಾಲ ರೂಢಿಯಲ್ಲಿದ್ದ ಮೂಲ ಸಂಯೋಜನೆ ಹೀಗಿದೆ: 15 ಸೆಕೆಂಡಿಗೊಂದರಂತೆ 244 ಅಂಕಿಗಳು, ಅಂದರೆ 61 ನಿಮಿಷಗಳ ಇತಿಹಾಸ. ಅದಕ್ಕಿಂತ ಹಿಂದಿನದು 6 ನಿಮಿಷಗಳ ಸರಾಸರಿಯಾಗಿ ಒಂದು ದಿನದವರೆಗೆ, 42 ನಿಮಿಷಗಳ ಸರಾಸರಿಯಾಗಿ ಒಂದು ವಾರದವರೆಗೆ, 168 ನಿಮಿಷಗಳ ಸರಾಸರಿಯಾಗಿ ನಾಲ್ಕು ವಾರಗಳವರೆಗೆ, ಕೊನೆಗೆ ದಿನಕ್ಕೊಂದೇ ಸರಾಸರಿಯಾಗಿ 374 ದಿನಗಳವರೆಗೆ. ಒಟ್ಟು 1,350 ಮನೆಗಳು, ಒಂದಕ್ಕೆ 8 ಬೈಟ್. ತಲೆಬರಹವೂ ಸೇರಿ ಸುಮಾರು 12 ಕಿಲೋಬೈಟ್. ನಮ್ಮ 3,000 ಅಳತೆಗಳ ಇಡೀ ವರ್ಷದ ಇತಿಹಾಸಕ್ಕೆ ಸುಮಾರು 36 ಮೆಗಾಬೈಟ್ ಸಾಕು. ಮಿತವ್ಯಯದ ದೃಷ್ಟಿಯಿಂದ ಇದು ಶ್ಲಾಘನೀಯ ರಚನೆಯೇ ಸರಿ.

ಆದರೆ ಬೆಲೆ ತೆರದೆ ಯಾವುದೂ ದೊರೆಯುವುದಿಲ್ಲ. ಮೂರು ವಾರಗಳ ಹಿಂದೆ ಯಂತ್ರವೊಂದರ ಪ್ರೊಸೆಸರ್ 10 ನಿಮಿಷ ಪೂರ್ತಿಯಾಗಿ, ಅಂದರೆ ಶೇ. 100ರಷ್ಟು ದುಡಿದು ಉಳಿದ ವೇಳೆ ಶೇ. 20ರಷ್ಟು ದುಡಿದಿತ್ತೆನ್ನಿ. 168 ನಿಮಿಷಗಳ ಮನೆಯಲ್ಲಿ ಉಳಿಯುವ ಅಂಕಿ ಶೇ. 25ಕ್ಕಿಂತ ತುಸು ಕಡಿಮೆ. ಆ ಹತ್ತು ನಿಮಿಷದಲ್ಲಿ ಗ್ರಾಹಕರಿಗೆ ಸೇವೆ ನಿಂತುಹೋದ ಸಂಗತಿ ಅಳಿಸಿಹೋಗಿದೆ. ಇನ್ನೊಂದು ಉದಾಹರಣೆ: ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಶೇ. 100, ಉಳಿದ 16 ಗಂಟೆ ಶೇ. 4. ದಿನದ ಸರಾಸರಿ ಶೇ. 36. ಕಳೆದ ವರ್ಷದ ಅಂಕಿಗಳನ್ನು ಎಪಿಐ ಮೂಲಕ ತರಿಸಿಕೊಂಡ ಆಡಳಿತಗಾರರು ‘ಯಂತ್ರದ ಮೂರನೇ ಎರಡು ಭಾಗ ಖಾಲಿ ಬಿದ್ದಿದೆ, ಹೊಸ ಖರೀದಿ ಬೇಡ’ ಎಂದು ಟಿಪ್ಪಣಿ ಬರೆದರೆ ಆಶ್ಚರ್ಯವಿಲ್ಲ. ಕಚೇರಿ ವೇಳೆಯಲ್ಲಿ ಆ ಯಂತ್ರ ಉಸಿರಾಡಲೂ ಬಿಡುವಿಲ್ಲದೆ ದುಡಿಯುತ್ತಿದೆ ಎಂಬುದು ಅವರಿಗೆ ತಿಳಿಯುವ ಬಗೆಯೇ ಇಲ್ಲ.

ಗ್ರಾಫ್ ನೋಡುವ ಅನುಭವಿ ತಂತ್ರಜ್ಞರಿಗೆ ಇದು ಗೊತ್ತಿರುತ್ತದೆ. ವರ್ಷದ ಗ್ರಾಫ್ ನುಣುಪಾಗಿ ಕಂಡರೆ ಅವರು ಮೋಸ ಹೋಗುವುದಿಲ್ಲ. ಅಂಕಿ ಎಪಿಐ ಮೂಲಕ ಹೊರಬಿದ್ದು ಎಕ್ಸೆಲ್ ಹಾಳೆಗೆ ಸೇರಿದೊಡನೆ ಆ ಅನುಭವದ ರಕ್ಷಣೆ ತಪ್ಪಿಹೋಗುತ್ತದೆ. ಆದುದರಿಂದ ಇತಿಹಾಸ ಕೊಡುವ ಎಪಿಐ ಪ್ರತಿ ಉತ್ತರದಲ್ಲಿಯೂ ಇದು ಎಷ್ಟು ಅವಧಿಯ ಸರಾಸರಿ ಎಂಬುದನ್ನು ಕಡ್ಡಾಯವಾಗಿ ಹೇಳಬೇಕು. ಕೇಳಿದವರು ಐದು ನಿಮಿಷಕ್ಕೊಂದು ಅಂಕಿ ಕೇಳಿದ್ದು, ಇರುವುದು 168 ನಿಮಿಷಕ್ಕೊಂದಾದರೆ, ಇರುವುದನ್ನೇ ಹಿಗ್ಗಿಸಿ ಕೊಡಬಾರದು.

ಇಲ್ಲದ ಅಂಕಿಯ ಸಮಸ್ಯೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಯಂತ್ರ ನಿಂತಿದ್ದ ಕಾಲಕ್ಕೆ ಆರ್‌ಆರ್‌ಡಿ ‘ತಿಳಿಯದು’ ಎಂದು ಬರೆದುಕೊಳ್ಳುತ್ತದೆ. ಜೇಸನ್‌ನ ಸಂಖ್ಯೆಗಳಲ್ಲಿ ‘ತಿಳಿಯದು’ ಎಂಬುದಕ್ಕೆ ಸ್ಥಾನವಿಲ್ಲ. ಅವಸರದ ಪ್ರೋಗ್ರಾಮರ್ ಅಲ್ಲಿ ಸೊನ್ನೆ ಹಾಕುತ್ತಾರೆ. ಪ್ರೊಸೆಸರ್ ಬಳಕೆ ಸೊನ್ನೆ ಎಂದರೆ ಯಂತ್ರ ವಿಶ್ರಾಂತಿಯಲ್ಲಿದೆ ಎಂದರ್ಥ. ‘ತಿಳಿಯದು’ ಎಂದರೆ ಯಂತ್ರವೇ ಇಲ್ಲದಿರಬಹುದು. ಒಂದಕ್ಕೆ ಇನ್ನೊಂದನ್ನು ಬರೆಯುವುದು ಬಾಕಿದಾರರ ಖಾತೆಯಲ್ಲಿ ‘ಮಾಹಿತಿ ಇಲ್ಲ’ ಎಂಬುದನ್ನು ‘ಬಾಕಿ ಇಲ್ಲ’ ಎಂದು ಬರೆದಂತೆ. ಜೇಸನ್‌ನಲ್ಲಿ ‘ನಲ್’ ಎಂಬ ಪ್ರತ್ಯೇಕ ಗುರುತಿದೆ, ಅದನ್ನೇ ಬಳಸಬೇಕು. ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಗ್ಯಾಂಗ್ಲಿಯಾದ ಸಂಯೋಜನೆಯಲ್ಲಿ ಒಂದು ಅವಧಿಯ ಅರ್ಧದಷ್ಟು ಅಂಕಿಗಳು ಇಲ್ಲದಿದ್ದರೂ ಉಳಿದವುಗಳ ಸರಾಸರಿಯನ್ನೇ ಆ ಅವಧಿಗೆ ದಾಖಲಿಸಲಾಗುತ್ತದೆ. ಯಂತ್ರ ಒಂದು ಗಂಟೆ ಪೂರ್ತಿ ನಿಂತುಹೋಗಿದ್ದರೂ 168 ನಿಮಿಷಗಳ ಮನೆಯಲ್ಲಿ ಅದರ ಸುಳಿವು ಉಳಿಯದು. ಸೇವೆಯ ಲಭ್ಯತೆಯ ಬಗ್ಗೆ ಗ್ರಾಹಕರೊಡನೆ ಕರಾರು ಮಾಡಿಕೊಂಡಿರುವ ಸಂಸ್ಥೆಗಳು ಇಂತಹ ಇತಿಹಾಸವನ್ನು ಸಾಕ್ಷ್ಯವಾಗಿ ನೆಚ್ಚಿಕೊಳ್ಳಲಾಗದು.

ಭಾರತದಲ್ಲಿರುವವರಿಗೆ ಮತ್ತೊಂದು ತೊಡಕು. ಆರ್‌ಆರ್‌ಡಿಯ ‘ದಿನ’ ಜಾಗತಿಕ ಕಾಲಮಾನದ ಮಧ್ಯರಾತ್ರಿಗೆ ಆರಂಭವಾಗುತ್ತದೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ. ತಿಂಗಳ ಕೊನೆಯಲ್ಲಿ ವಿಭಾಗವಾರು ಬಳಕೆಯ ಲೆಕ್ಕ ತೆಗೆದು ಖರ್ಚನ್ನು ಹಂಚುವಾಗ, ಮೂವತ್ತೊಂದರ ರಾತ್ರಿ ಓಡಿದ ಕೆಲಸ ಯಾವ ತಿಂಗಳಿಗೆ ಸೇರಿತೆಂಬ ಜಗಳವನ್ನು ನಾನು ಕಂಡಿದ್ದೇನೆ. ಜೊತೆಗೆ, ಆರ್‌ಆರ್‌ಡಿ ಕೊಡುವ ಕಾಲ ಆ ಅವಧಿ ಮುಗಿದ ಕ್ಷಣವೇ ಹೊರತು ಮೊದಲಾದ ಕ್ಷಣವಲ್ಲ. ಎಪಿಐನ ವಿವರಣೆಯಲ್ಲಿ ಈ ಎರಡು ವಾಕ್ಯಗಳನ್ನು ಬರೆದಿಟ್ಟರೆ ಎಷ್ಟೋ ಪತ್ರವ್ಯವಹಾರ ಉಳಿಯುತ್ತದೆ.

ಪ್ರಶ್ನೆಗೂ ಖರ್ಚುಂಟು

ನಿಗಾ ವ್ಯವಸ್ಥೆ ತಾನು ನೋಡಿಕೊಳ್ಳಬೇಕಾದ ಯಂತ್ರಗಳಿಗೇ ಹೊರೆಯಾಗಬಾರದು. ವೆಬ್ ಪುಟವಿದ್ದಾಗ ದಿನಕ್ಕೆ ಹತ್ತಾರು ಸಲ ಮನುಷ್ಯರು ನೋಡುತ್ತಿದ್ದರು. ಎಪಿಐ ತೆರೆದ ಮೇಲೆ ಕೇಳುವವು ತಂತ್ರಾಂಶಗಳು, ಅವಕ್ಕೆ ಬೇಸರವೆಂಬುದಿಲ್ಲ. 20 ತಂತ್ರಾಂಶಗಳು ಸೆಕೆಂಡಿಗೊಮ್ಮೆ ಕೇಳಿದರೆ ದಿನಕ್ಕೆ 17 ಲಕ್ಷಕ್ಕೂ ಮೀರಿದ ಕೋರಿಕೆಗಳಾಗುತ್ತವೆ. ಜಿಮೆಟಾಡ್ ಹೊಸ ಅಂಕಿ ತರುವುದೇ 15 ಸೆಕೆಂಡಿಗೊಮ್ಮೆ. ನಡುವೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ಆದಕಾರಣ ಎಪಿಐ ಒಮ್ಮೆ ತಂದ ವಿವರದ ಪ್ರತಿಯನ್ನು 15 ಸೆಕೆಂಡು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಹಂಚಬೇಕು, ಮತ್ತು ಈ ಉತ್ತರ ಎಷ್ಟು ಹೊತ್ತು ಸಿಂಧು ಎಂಬುದನ್ನು ಎಚ್‌ಟಿಟಿಪಿಯ ತಲೆಬರಹದಲ್ಲಿ ತಿಳಿಸಬೇಕು.

3,000 ಕಡತಗಳನ್ನು 15 ಸೆಕೆಂಡಿಗೊಮ್ಮೆ ಬರೆಯುವುದೆಂದರೆ ಸೆಕೆಂಡಿಗೆ 200 ಬರವಣಿಗೆಗಳು. ಇದನ್ನು ತಗ್ಗಿಸಲು ಬರಹಗಳನ್ನು ಸ್ವಲ್ಪ ಕಾಲ ಮೆಮೊರಿಯಲ್ಲಿ ಕೂಡಿಟ್ಟು ಒಟ್ಟಿಗೆ ಬರೆಯುವ ‘ಆರ್‌ಆರ್‌ಡಿಕ್ಯಾಶ್‌ಡಿ’ ಎಂಬ ಸಹಾಯಕ ತಂತ್ರಾಂಶವನ್ನು ದೊಡ್ಡ ಸಮೂಹಗಳಲ್ಲಿ ಬಳಸುತ್ತಾರೆ. ಆಗ ಎಪಿಐ ನೇರವಾಗಿ ಕಡತವನ್ನು ಓದಿದರೆ ಹಳೆಯ ಅಂಕಿಯೇ ಸಿಗುತ್ತದೆ. ಈ ಸಹಾಯಕನ ಮೂಲಕವೇ ಓದಬೇಕು.

ಓದುವ ಬಾಗಿಲು, ಬರೆಯುವ ಬಾಗಿಲು

ಗ್ಯಾಂಗ್ಲಿಯಾದ ವೆಬ್ ಭಾಗದ ಎರಡನೆಯ ತಲೆಮಾರಿನಲ್ಲಿ ಗ್ರಾಫ್ ಬಿಡಿಸುವ ವಿಳಾಸಕ್ಕೇ ಜೇಸನ್ ಅಥವಾ ಸಿಎಸ್‌ವಿ ಬೇಕೆಂಬ ಸೂಚನೆ ಸೇರಿಸಿದರೆ ಚಿತ್ರದ ಬದಲು ಅಂಕಿಗಳೇ ಬರುವಂತೆ ಮಾಡಲಾಯಿತು. ಇರುವ ದಾರಿಯನ್ನೇ ಅಗಲಗೊಳಿಸಿದ ಈ ಕ್ರಮ ಜಾಣತನದ್ದು: ಚಿತ್ರ ಮತ್ತು ಅಂಕಿ ಒಂದೇ ಮೂಲದಿಂದ ಬರುವುದರಿಂದ ಎರಡೂ ಪರಸ್ಪರ ತಾಳೆಯಾಗುತ್ತವೆ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ತಂತ್ರಜ್ಞರು ಬೇರೆ ದಾರಿ ಹಿಡಿದರು. ಅವರು ಗ್ಯಾಂಗ್ಲಿಯಾವನ್ನು ಮುಟ್ಟದೆ, ಹಲವು ಜಿಮೆಟಾಡ್‌ಗಳಿಂದ ಎಕ್ಸ್‌ಎಂಎಲ್ ಪಡೆದು ಇತ್ತೀಚಿನ ಅಂಕಿಗಳನ್ನು ಜೇಸನ್ ರೂಪದಲ್ಲಿ ಕೊಡುವ ಪುಟ್ಟ ಸ್ವತಂತ್ರ ತಂತ್ರಾಂಶವನ್ನು ಪೈಥಾನ್ ಭಾಷೆಯಲ್ಲಿ ಬರೆದು ಮುಕ್ತವಾಗಿ ಬಿಡುಗಡೆ ಮಾಡಿದರು. ಸಣ್ಣ ಸಂಸ್ಥೆಗಳಿಗೆ ಈ ಎರಡನೆಯ ದಾರಿಯೇ ಸೂಕ್ತವೆಂದು ನನಗೆ ತೋರುತ್ತದೆ. ಮೂಲ ತಂತ್ರಾಂಶವನ್ನು ತಿದ್ದಿದರೆ ಪ್ರತಿ ಹೊಸ ಆವೃತ್ತಿಯಲ್ಲಿಯೂ ಮತ್ತೆ ತಿದ್ದಬೇಕು; ತಿದ್ದಿದವರು ಕೆಲಸ ಬಿಟ್ಟು ಹೋಗಿದ್ದರಂತೂ ಹೇಳುವುದೇ ಬೇಡ.

ಅದೇ ವೆಬ್ ಭಾಗದಲ್ಲಿ ಬರೆಯುವ ಎಪಿಐ ಒಂದೂ ಸೇರಿತು. ಹೊಸ ತಂತ್ರಾಂಶ ಅಳವಡಿಸಿದ್ದು, ಯಂತ್ರವನ್ನು ನಿಲ್ಲಿಸಿದ್ದು ಮುಂತಾದ ಘಟನೆಗಳನ್ನು ಅದರ ಮೂಲಕ ದಾಖಲಿಸಿದರೆ ಗ್ರಾಫ್‌ನ ಮೇಲೆ ಆ ಕ್ಷಣದಲ್ಲಿ ಒಂದು ಗೆರೆ ಮೂಡುತ್ತದೆ. ‘ಮಂಗಳವಾರ ಮಧ್ಯಾಹ್ನದಿಂದ ಯಂತ್ರ ನಿಧಾನವಾಯಿತು’ ಎಂಬ ದೂರಿಗೂ ಆ ಮಧ್ಯಾಹ್ನ ಮಾಡಿದ ಬದಲಾವಣೆಗೂ ನಂಟು ತಾನಾಗಿ ಕಣ್ಣಿಗೆ ಬೀಳುತ್ತದೆ. ಬಹಳ ಉಪಯುಕ್ತ, ಆದರೆ ಓದುವವರಿಗೂ ಬರೆಯುವವರಿಗೂ ಒಂದೇ ಕೀಲಿಕೈ ಕೊಡುವುದು ತರವಲ್ಲ.

ಭದ್ರತೆಯ ಮಾತು ಇಲ್ಲಿಯೇ ಬರುತ್ತದೆ. ಗ್ಯಾಂಗ್ಲಿಯಾದ ವೆಬ್ ಭಾಗದ 3.5.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಹೊರಗಿನವರು ಸರ್ವರಿನ ಮೇಲೆ ತಮಗೆ ಬೇಕಾದ ಆಜ್ಞೆಗಳನ್ನು ಓಡಿಸಬಹುದಾದ ಲೋಪವಿದ್ದುದು 2012ರಲ್ಲಿ ಬೆಳಕಿಗೆ ಬಂತು. 3.7.1ಕ್ಕಿಂತ ಹಿಂದಿನವುಗಳಲ್ಲಿ ಗುರುತು ಪರೀಕ್ಷೆಯನ್ನೇ ದಾಟಿಹೋಗಬಹುದಾದ ಇನ್ನೊಂದು ಲೋಪ 2015ರಲ್ಲಿ ಪತ್ತೆಯಾಯಿತು. ನಿಗಾ ವ್ಯವಸ್ಥೆಗೆ ಸಂಸ್ಥೆಯ ಎಲ್ಲ ಯಂತ್ರಗಳ ಹೆಸರು, ವಿಳಾಸ, ದುಡಿಮೆಯ ವೇಳಾಪಟ್ಟಿ ಗೊತ್ತಿರುತ್ತದೆ. ಯಾವ ರಾತ್ರಿ ಲೆಕ್ಕ ಭರದಿಂದ ಓಡುತ್ತಿದೆ ಎಂಬುದರಿಂದ ಯಾವ ಟೆಂಡರಿಗೆ ಸಿದ್ಧತೆ ನಡೆದಿದೆ ಎಂದು ಊಹಿಸಬಲ್ಲ ಪ್ರತಿಸ್ಪರ್ಧಿಗಳೂ ಇರಬಹುದು. ಜಿಮೆಟಾಡ್‌ನ ಸಂರಚನಾ ಕಡತದಲ್ಲಿ ವಿಶ್ವಾಸಾರ್ಹ ಯಂತ್ರಗಳ ಪಟ್ಟಿ ಕೊಡಲು ಅವಕಾಶವಿದೆ. ಮೂಲತಃ ಅದು ತನ್ನದೇ ಯಂತ್ರವನ್ನು ಬಿಟ್ಟು ಬೇರಾರಿಗೂ ವಿವರ ಕೊಡುವುದಿಲ್ಲ. ಎಪಿಐ ಅದೇ ಯಂತ್ರದಲ್ಲಿ ಕುಳಿತು ಊರಿಗೆಲ್ಲ ಉತ್ತರ ಕೊಡತೊಡಗಿದರೆ ಆ ಪಟ್ಟಿ ಇದ್ದೂ ಇಲ್ಲದಂತಾಗುತ್ತದೆ. ಆದ್ದರಿಂದ ಎಪಿಐಯನ್ನು ಸಂಸ್ಥೆಯ ಒಳಜಾಲದಲ್ಲಿಯೇ ಇಟ್ಟು, ಗೂಢಲಿಪಿಯ ಸಂಪರ್ಕದಲ್ಲಿ, ಪ್ರತಿ ಬಳಕೆದಾರ ತಂತ್ರಾಂಶಕ್ಕೂ ಬೇರೆ ಬೇರೆ ಕೀಲಿ ಕೊಟ್ಟು ನಡೆಸುವುದು ಕ್ಷೇಮ.

ಇಂದಿನ ಆಯ್ಕೆ

ಗ್ಯಾಂಗ್ಲಿಯಾದ ಹೊಸ ಬೆಳವಣಿಗೆ ಈಗ ಬಹುಮಟ್ಟಿಗೆ ನಿಂತಿದೆ. ಹೊಸದಾಗಿ ಸಮೂಹ ಕಟ್ಟುವವರಿಗೆ ಅದನ್ನೇ ಹಾಕಿಕೊಳ್ಳಿರೆಂದು ನಾನು ಹೇಳಲಾರೆ. ಉಳಿದ ಮುಕ್ತ ನಿಗಾ ವ್ಯವಸ್ಥೆಗಳೂ ಇದೇ ಹಾದಿಯಲ್ಲಿ ಸಾಗಿದವು. ಲಾಟ್ವಿಯಾ ಮೂಲದ ಜ್ಯಾಬಿಕ್ಸ್ 2009ರ 1.8 ಆವೃತ್ತಿಯಲ್ಲಿ ಎಪಿಐ ಸೇರಿಸಿತು. ಐಸಿಂಗಾ 2015ರ 2.4 ಆವೃತ್ತಿಯಲ್ಲಿ. 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭವಾದ ಪ್ರೊಮಿಥಿಯಸ್ ಬೇರೆಯದೇ ತಲೆಮಾರಿನದು. ಯಂತ್ರಗಳಿಂದ ಅಂಕಿ ತರುವುದೂ ಕೇಳಿದವರಿಗೆ ಕೊಡುವುದೂ ಅದರಲ್ಲಿ ಎಚ್‌ಟಿಟಿಪಿಯ ಮೂಲಕವೇ ನಡೆಯುತ್ತವೆ. ವಿಳಾಸದಲ್ಲಿಯೇ ‘ವಿ1’ ಎಂಬ ಆವೃತ್ತಿ ಸಂಖ್ಯೆ ಇರುವುದರಿಂದ ಮುಂದೆ ರೂಪ ಬದಲಾದರೂ ಹಳೆಯ ಬಾಗಿಲನ್ನು ಉಳಿಸಿಕೊಳ್ಳುವ ಅವಕಾಶವಿದೆ. ‘ತಿಳಿಯದು’ ಎಂಬುದನ್ನು ಜೇಸನ್ ಸಂಖ್ಯೆಯಾಗಿ ಬರೆಯಲಾಗದೆಂಬ ಕಾರಣಕ್ಕೆ ಅದು ಎಲ್ಲ ಬೆಲೆಗಳನ್ನೂ ಉದ್ಧರಣ ಚಿಹ್ನೆಯೊಳಗೆ ಅಕ್ಷರಗಳಾಗಿಯೇ ಕೊಡುತ್ತದೆ.

ಹಾಗೆಂದು ಹಿಂದೆ ಹೇಳಿದ ಎಚ್ಚರಿಕೆಗಳು ಅದಕ್ಕೆ ಸಲ್ಲುವುದಿಲ್ಲವೆಂದಲ್ಲ. ಪ್ರೊಮಿಥಿಯಸ್‌ಗೆ ಸದ್ಯದ ಅಂಕಿ ಕೇಳಿದರೆ ಜೊತೆಯಲ್ಲಿ ಬರುವ ಕಾಲ ಪ್ರಶ್ನೆ ಕೇಳಿದ ಕಾಲವೇ ಹೊರತು ಅಳೆದ ಕಾಲವಲ್ಲ. ಅಳೆದ ಕಾಲ ಬೇಕಾದರೆ ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಅದು ಸರಾಸರಿ ಮಾಡಿ ಕುಗ್ಗಿಸುವುದಿಲ್ಲ, ನಿಜ; ಆದರೆ ಮೂಲ ಸಂಯೋಜನೆಯಲ್ಲಿ 15 ದಿನಗಳ ಇತಿಹಾಸವನ್ನಷ್ಟೇ ಇಟ್ಟುಕೊಳ್ಳುತ್ತದೆ. ವರ್ಷದ ಲೆಕ್ಕ ಬೇಕಾದವರು ಆ ಅವಧಿಯನ್ನು ಮೊದಲೇ ಹೆಚ್ಚಿಸಿಕೊಳ್ಳಬೇಕು, ಹೆಚ್ಚಿನ ಡಿಸ್ಕ್‌ಗೆ ಹಣ ತೆಗೆದಿರಿಸಬೇಕು.

ಈಗಾಗಲೇ ಗ್ಯಾಂಗ್ಲಿಯಾ ಇರುವ ಸಂಸ್ಥೆಗಳು ಅವಸರದಿಂದ ಅದನ್ನು ಕಿತ್ತು ಹಾಕಬೇಕಾಗಿಲ್ಲ. ವೆಬ್ ಭಾಗವನ್ನು 3.7.1 ಅಥವಾ ನಂತರದ ಆವೃತ್ತಿಗೆ ಏರಿಸಿ, ಅದರ ಪಕ್ಕದಲ್ಲಿ ಓದಲು ಮಾತ್ರ ಬರುವ ಒಂದು ಪುಟ್ಟ ಎಪಿಐ ನಿಲ್ಲಿಸಿದರೆ ಸದ್ಯಕ್ಕೆ ಸಾಕು. ಮೊದಲ ದಿನ ಮೂರೇ ಪ್ರಶ್ನೆಗಳಿಗೆ ಉತ್ತರ ಕೊಡಲಿ: ಯಾವ ಯಂತ್ರಗಳಿವೆ, ಈ ಯಂತ್ರದ ಈ ಅಳತೆ ಈಗ ಎಷ್ಟು, ಇಂದಿನಿಂದ ಹಿಂದಕ್ಕೆ ಇಷ್ಟು ದಿನ ಹೇಗಿತ್ತು. ಬಳಕೆದಾರರು ನೆಚ್ಚಿಕೊಂಡ ಮೇಲೆ ಒಂದು ಹೆಸರನ್ನು ಬದಲಾಯಿಸುವುದೂ ಕಷ್ಟವಾಗುವುದರಿಂದ ಕಡಿಮೆ ಕೊಡುವುದೇ ಒಳ್ಳೆಯದು. ಇಲ್ಲದ ಯಂತ್ರವನ್ನು ಕೇಳಿದರೆ 404, ಜಿಮೆಟಾಡ್ ಉತ್ತರಿಸದಿದ್ದರೆ 503 ಎಂಬ ಎಚ್‌ಟಿಟಿಪಿಯ ಸಂಖ್ಯೆಗಳನ್ನು ಪ್ರಾಮಾಣಿಕವಾಗಿ ಕೊಡಬೇಕು. ಖಾಲಿ ಪಟ್ಟಿ ಕೊಟ್ಟು 200, ಅಂದರೆ ‘ಎಲ್ಲ ಸರಿ’ ಎನ್ನಬಾರದು.

ಮೊದಲು ಹೇಳಿದ ವಿನ್ಯಾಸ ಸಂಸ್ಥೆಯಲ್ಲಿ ಕೊನೆಗೆ ಮಾಡಿದ್ದೂ ಇಷ್ಟೇ. ಅದೇ ಎಂಜಿನಿಯರ್ ಸುಮಾರು 200 ಸಾಲುಗಳ ಪೈಥಾನ್ ಪ್ರೋಗ್ರಾಮನ್ನು ಬರೆದರು. ಸಂದೇಶ ಕಳಿಸುವ ಪ್ರೋಗ್ರಾಮನ್ನು ಅದಕ್ಕೆ ಜೋಡಿಸುವಾಗ ಒಂದು ನಿಯಮ ಸೇರಿಸಿದರು: ಡಿಸ್ಕ್ ತುಂಬಿದಾಗ ಮಾತ್ರವಲ್ಲ, ಎರಡು ನಿಮಿಷಕ್ಕಿಂತ ಹಳೆಯ ಅಂಕಿ ಬಂದಾಗಲೂ ಅಂಕಿಯೇ ಬಾರದಿದ್ದಾಗಲೂ ಮೊಬೈಲ್ ಸದ್ದು ಮಾಡಬೇಕು. ಮೊದಲ ವಾರದಲ್ಲಿಯೇ ಅದು ಎರಡು ರಾತ್ರಿ ಸದ್ದು ಮಾಡಿತು. ಒಮ್ಮೆ ಜಾಲದ ಕೇಬಲ್ ಸಡಿಲವಾಗಿತ್ತು. ಇನ್ನೊಮ್ಮೆ ಯುಪಿಎಸ್‌ನ ಬ್ಯಾಟರಿ ಕೈಕೊಟ್ಟಿತ್ತು.